ತಬಲಾದ ಶಾಯಿ, ಸ್ಟ್ರಿಂಗ್ ಥಿಯರಿ ಮತ್ತು ನಮ್ಮ ಕಾಕಾನ ಮಗಳು

ತಬಲಾದ ನಡುವೆ ಕಪ್ಪಗೆ, ದುಂಡಗೆ ಶಾಯಿ ಹಚ್ಚಿರ್ತಾರಲ್ಲ, ಅದು ಯಾಕೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ನಮ್ಮ ಮನೆ ಇರೋದು ಕಲಬುರಗಿಯ ಐವಾನ್-ಎ-ಶಾಹಿ ಏರಿಯಾದಲ್ಲಿ. ಆ ಶಾಹಿಗೂ ಈ ಶಾಯಿಗೂ ಸಂಬಂಧ ಇಲ್ಲ ಬಿಡಿ, ಅದು ರಾಜರದ್ದು, ಇದು ಮಸಿ :-) ಆದರೆ ಶಾಯಿಗೂ ಸ್ಟ್ರಿಂಗ್ ಥಿಯರಿಗೂ ಒಂದು ಸಂಬಂಧ ಇದೆ. ಇವತ್ತು ಅದನ್ನೇ ಬರೀಬೇಕು ಅಂತ ಕೂತಿದ್ದೀನಿ.

ಬರೀ ಚರ್ಮ ಬಿಗಿದ ದುಂಡನೆಯ ವಾದ್ಯ ಬಾರಿಸಿ ನೋಡಿ. ಅದರಿಂದ ಹೊರಡುವ ಸ್ವರಗಳ ಲೆಕ್ಕ 1, 1.59, 2.14, 2.30... ಹೀಗೆ ಅಡ್ಡಾದಿಡ್ಡಿ. ಕಿವಿಗೆ ಅದು ಸದ್ದು, ಸಂಗೀತ ಅಲ್ಲ. ನಡುವೆ ಶಾಯಿ ಹಚ್ಚಿ ಅಲ್ಲಿ ಭಾರ ಹೆಚ್ಚಿಸಿದರೆ, ಒಂಬತ್ತು ಬಗೆಯ ಕಂಪನಗಳು ಗುಂಪುಗೂಡಿ 1, 2, 3, 4, 5 ಅಂತ ಸಾಲಾಗಿ ನಿಲ್ಲುತ್ತವೆ. ಇದನ್ನು ಹೇಳಿದ್ದು ಸಿ.ವಿ. ರಾಮನ್. 1920ರಲ್ಲಿ ಕಲ್ಕತ್ತಾದಲ್ಲಿದ್ದಾಗ ಮೊದಲು ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ ತಾವೇ ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿವರವಾಗಿ ಬರೆದರು.

ಒಂದು ವಸ್ತು ಯಾವ್ಯಾವ ಸ್ವರ ಕೊಡಬಲ್ಲದು ಅನ್ನೋ ಪಟ್ಟಿಗೆ ಗಣಿತದಲ್ಲಿ ಸ್ಪೆಕ್ಟ್ರಮ್ ಅಂತಾರೆ. ಆ ಪಟ್ಟಿಯ ಶಾಸ್ತ್ರವೇ ಸ್ಪೆಕ್ಟ್ರಲ್ ಥಿಯರಿ. ಪರಮಾಣುವಿನ ಶಕ್ತಿಮಟ್ಟಗಳೂ ಇದೇ ತರಹದ ಪಟ್ಟಿ. 1966ರಲ್ಲಿ ಮಾರ್ಕ್ ಕಾಟ್ಸ್ ಉಲ್ಟಾ ಪ್ರಶ್ನೆ ಕೇಳಿದರು: ಸ್ವರ ಕೇಳಿ ಡೋಲಿನ ಆಕಾರ ಹೇಳೋಕೆ ಆಗುತ್ತಾ? ಯಾವಾಗಲೂ ಆಗೋದಿಲ್ಲ ಅಂತ 1992ರಲ್ಲಿ ಗೊತ್ತಾಯಿತು. ಒಂದೇ ಸ್ವರಪಟ್ಟಿಯ ಎರಡು ಬೇರೆ ಆಕಾರಗಳು ಸಿಕ್ಕವು.

ಈಗ ಸ್ಟ್ರಿಂಗ್ ಕಡೆ ಬರೋಣ. ಮಾಮೂಲಿ ಸ್ಟ್ರಿಂಗ್ ಥಿಯರಿ ಬಲು ಗೋಜಲು. 1988ರಲ್ಲಿ ಎಡ್ವರ್ಡ್ ವಿಟ್ಟನ್ ಅದರ ಒಂದು ಸರಳ ರೂಪಕ್ಕೆ ದಾರಿ ಹಾಕಿದರು, ಅದೇ ಟೊಪಾಲಜಿಕಲ್ ಸ್ಟ್ರಿಂಗ್. ಇಲ್ಲಿ ಹೆಚ್ಚುಕಮ್ಮಿ ಉಳಿಯೋದು ಎಣಿಕೆ ಮಾತ್ರ. ಕಲಾಬಿ-ಯೌ ಅನ್ನೋ ಆರು ಆಯಾಮದ ಜಾಗದೊಳಗೆ ತಂತಿ ಎಷ್ಟು ರೀತಿಯಲ್ಲಿ ಸುತ್ತಿಕೊಳ್ಳಬಹುದು ಅನ್ನೋ ಎಣಿಕೆ. ಲೋಕಲ್ ಪಿ-ಟೂ ಅನ್ನೋ ಜಾಗಕ್ಕೆ ಆ ಎಣಿಕೆ 3, -45/8, 244/9... ಅಂತ ಬರುತ್ತೆ. ಎಣಿಸಿದರೆ ಭಿನ್ನರಾಶಿ ಬರೋದಾ?!

1998ರಲ್ಲಿ ರಾಜೇಶ್ ಗೋಪಕುಮಾರ್ ಮತ್ತು ಕಮ್ರುನ್ ವಫಾ ಇದನ್ನು ಬಿಡಿಸಿದರು. -45/8 ಅಂದರೆ -6ಕ್ಕೆ 3/8 ಕೂಡಿಸಿದ್ದು. ಆ 3/8, ಮೊದಲನೇ 3 ಅನ್ನೇ ಎರಡು ಸಲ ಸುತ್ತಿದ್ದರ ಬಾಬ್ತು (ಎರಡರ ಘನ ಎಂಟು). 244/9 ಅಂದರೆ 27ಕ್ಕೆ 3/27 ಕೂಡಿಸಿದ್ದು, ಮೂರು ಸಲ ಸುತ್ತಿದ್ದರ ಬಾಬ್ತು. ಆ ಬಾಬ್ತು ಕಳೆದರೆ ಉಳಿಯೋದು 3, -6, 27, -192... ಎಲ್ಲಾ ಪೂರ್ಣಾಂಕ! ಈ ಗೋಪಕುಮಾರ್ 2015ರಲ್ಲಿ ಬೆಂಗಳೂರಿನ ಐಸಿಟಿಎಸ್ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಹೆಸರಘಟ್ಟದ ಕಡೆ ಶಿವಕೋಟೆಯಲ್ಲಿದೆಯಲ್ಲ, ಅದೇ.

ಆದರೂ ಒಂದು ದೊಡ್ಡ ತೊಡಕು ಉಳೀತು. ಮೇಲ್ಮೈಯಲ್ಲಿ ತೂತು ಇಲ್ಲದ್ದು, ಒಂದು ತೂತಿನದ್ದು, ಎರಡು ತೂತಿನದ್ದು ಅಂತ ಕೂಡಿಸ್ತಾ ಹೋಗಬೇಕು. ಕೂಡಿಸ್ತಾ ಹೋದ ಹಾಗೆ ಪದಗಳು ಫ್ಯಾಕ್ಟೋರಿಯಲ್ ಲೆಕ್ಕದಲ್ಲಿ ಬೆಳೆದು ಮೊತ್ತ ಎಲ್ಲೂ ನಿಲ್ಲೋದೇ ಇಲ್ಲ. ಮೊದಲ ಕೆಲವು ಪದಗಳಿಂದ ಒಳ್ಳೆ ಅಂದಾಜು ಸಿಗುತ್ತೆ, ಸರಿ. ಆದರೆ ಯಾವುದರ ಅಂದಾಜು? ಆ "ಯಾವುದು" ಅನ್ನೋದಕ್ಕೇ ಉತ್ತರ ಇರಲಿಲ್ಲ.

2014ರಲ್ಲಿ ಆಲ್ಬಾ ಗ್ರಾಸ್ಸಿ, ಯಾಸುಯುಕಿ ಹತ್ಸುದಾ ಮತ್ತು ಮಾರ್ಕೋಸ್ ಮರಿನ್ಯೋ ಒಂದು ಉತ್ತರ ಮುಂದಿಟ್ಟರು. ಇಂಥ ಜಾಗಕ್ಕೆ ಕನ್ನಡಿಬಿಂಬದಂತೆ ಒಂದು ವಕ್ರರೇಖೆಯ ಸಮೀಕರಣ ಇರುತ್ತೆ. ಅದರೊಳಗಿನ ಎರಡು ಚರಗಳನ್ನು ಕ್ವಾಂಟಮ್ ಮೆಕ್ಯಾನಿಕ್ಸ್‌ನ ಸ್ಥಾನ-ಸಂವೇಗದ ಹಾಗೆ ನೋಡಿ ಅಂದರು. ಆಗ ರೇಖೆ ಹೋಗಿ ಆಪರೇಟರ್ ಆಗುತ್ತೆ, ಅಂದರೆ ಒಂದು ಡೋಲು! ಅದಕ್ಕೆ ಖಚಿತವಾದ ಸ್ವರಪಟ್ಟಿ ಇದೆ. ಆ ಪಟ್ಟಿಯನ್ನೆಲ್ಲ ಒಂದೇ ಡಿಟರ್ಮಿನೆಂಟ್ ಒಳಗೆ ಕಟ್ಟಿದರೆ, ತಂತಿಯ ಎಣಿಕೆಯೆಲ್ಲ ಅದರಿಂದಲೇ ಹೊರಬರುತ್ತೆ ಅನ್ನೋದು ಅವರ ಊಹೆ. ಮಜಾ ಅಂದರೆ ಎರಡೂ ಕಡೆ ತಿರುಗುಮುರುಗು: ಡೋಲಿನ ಪ್ಲಾಂಕ್ ಸ್ಥಿರಾಂಕ ದೊಡ್ಡದಾದಷ್ಟೂ ತಂತಿಗಳ ನಡುವಿನ ಸೆಳೆತ ಚಿಕ್ಕದು. ನಿಲ್ಲದ ಆ ಮೊತ್ತ ಯಾವುದರ ಅಂದಾಜು ಅಂದರೆ, ಈ ಡೋಲಿನ ಸ್ವರಗಳದ್ದು.

ಇನ್ನು ಮನೆ ವಿಷಯ. ನಮ್ಮ ಕಾಕಾನ ಮಗಳು ಪಿಯುಸಿ ಮುಗಿಸಿ ಬಿಎಸ್ಸಿ ಗಣಿತ ಅಂತ ಹಠ ಹಿಡಿದಿದ್ದಾಳೆ. ಕಾಕಾಗೆ ಇಂಜಿನಿಯರಿಂಗೇ ಆಗಬೇಕು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ನಾನು ಹೇಳಿದರೆ ಕೇಳ್ತಾಳೆ ಅಂತ ಅವರ ನಂಬಿಕೆ. "ಅಕಿಗಿ ನೀನೇ ಸ್ವಲ್ಪ ತಿಳಿಸಿ ಹೇಳಪಾ, ಗಣಿತ ಓದಿ ಏನ್ ಮಾಡ್ತಾಳ?" ಅಂದರು. ಹಬ್ಬಕ್ಕೆ ಊರಿಗೆ ಹೋದಾಗ, ಬುದ್ಧಿ ಹೇಳೋ ಬದಲು ಲ್ಯಾಪ್‌ಟಾಪ್ ತೆಗೆದು ಅವಳಿಗೆ ಈ ಕಥೆ ಹೇಳಿದೆ. ಇನ್ನೂರು ಸಾಲು, ಇನ್ನೂರು ಕಂಬಸಾಲಿನ ಮ್ಯಾಟ್ರಿಕ್ಸ್ ಕಟ್ಟಿ, ಪ್ಲಾಂಕ್ ಸ್ಥಿರಾಂಕಕ್ಕೆ 2ಪೈ ಅಂತ ಕೊಟ್ಟು, ಲೋಕಲ್ ಪಿ-ಟೂ ಡೋಲಿನ ಕೆಳಗಿನ ಮೊದಲ ಮಟ್ಟ ತೆಗೆದೆವು: 2.5626... ತಂತಿಯ ಎಣಿಕೆ ಕಡೆಯಿಂದ ಹೊರಟ ಆ ಮೂವರ ಪ್ರಬಂಧದಲ್ಲೂ ಅದೇ ಸಂಖ್ಯೆ.

"ಅಣ್ಣಾ, ಎರಡೂ ಕಡಿಂದ ಒಂದೇ ಯಾಕ್ ಬಂತು?" ಅಂದಳು.

"ಪೂರ್ತಿ ಸಾಬೀತು ಇನ್ನಾ ಆಗಿಲ್ಲ."

"ಹಂಗಂದ್ರ ಇನ್ನಾ ಕೆಲಸ ಅದ ಅಂದಂಗಾಯ್ತು!"

ಬುದ್ಧಿ ಹೇಳೋಕೆ ಹೋದವನಿಗೆ ಮಾತೇ ಹೊರಡಲಿಲ್ಲ :-) ಅಕಿ ಗಣಿತ ಓದಲಿ ಅಂತ ಕಾಕಾಗೆ ನೇರವಾಗಿ ಹೇಳಿದೆ. ಅವರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ. ಅರ್ಜಿ ತುಂಬೋ ಕೊನೇ ದಿನ ಹತ್ತಿರ ಬರ್ತಿದೆ.

ಅವಳು ಹೇಳಿದ್ದಂತೂ ನಿಜ. ಕೆಲವು ವಿಶೇಷ ಸಂದರ್ಭಗಳಲ್ಲಿ ಸಾಧನೆ ಸಿಕ್ಕಿದೆ, ಎಷ್ಟೋ ಜಾಗಗಳಿಗೆ ದಶಮಾಂಶದ ಬಹಳ ಸ್ಥಾನಗಳವರೆಗೆ ತಾಳೆ ನೋಡಿದ್ದಾರೆ, ಎಲ್ಲಾ ಹೊಂದಿದೆ. ಆದರೆ ಹೊಂದೋದು ಬೇರೆ, ಯಾಕೆ ಹೊಂದುತ್ತೆ ಅಂತ ಗೊತ್ತಾಗೋದು ಬೇರೆ. ಶಾಯಿ ಹಚ್ಚಿದರೆ ತಬಲಾ ಸ್ವರಕ್ಕೆ ಬರುತ್ತೆ ಅಂತ ತಬಲಾ ಮಾಡೋರಿಗೆ ರಾಮನ್‌ಗಿಂತ ಎಷ್ಟೋ ಮುಂಚೆಯೇ ಗೊತ್ತಿತ್ತು. ಯಾಕೆ ಅಂತ ಒಬ್ಬರು ಕೂತು ಕೇಳಬೇಕಾಯಿತು. ಈ ಡೋಲಿನ ಮುಂದೆ ಕೂತು ಕೇಳೋರು ಇನ್ನೂ ಬೇಕು.

ನಿಮ್ಮನೆಯಲ್ಲೂ ಇಂಥ ಹಠಮಾರಿಗಳು ಇದ್ದಾರಾ? ನೀವೇನು ಹೇಳಿದಿರಿ?