ಹನ್ನೊಂದರಲ್ಲಿ ಒಂದು ಜಾಗ

ಜಾಣನಾದವನಿಗೆ ಎಲ್ಲಿ ಹೋದರೂ ಜಾಗವುಂಟು ಎಂದು ನಾವು ಮೇಷ್ಟರುಗಳು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಮಾತು ಕೇಳಲು ಹಿತವಾಗಿದೆ. ನಿಜವೆನ್ನಲು ನನಗೆ ಧೈರ್ಯ ಸಾಲದು.

ನಮ್ಮ ಶ್ರೀನಿವಾಸಪುರದ ಮಾವನ್ನೇ ನೋಡಿ. ಬಾದಾಮಿ ಹಣ್ಣನ್ನು ಬಾಯಿ ಚಪ್ಪರಿಸಿ ತಿನ್ನುವ ಗೃಹಿಣಿಯೇ ಉಪ್ಪಿನಕಾಯಿಗೆಂದು ಹುಳಿಕಾಯಿಯನ್ನು ಹುಡುಕುತ್ತಾಳೆ. ಅದರಿಂದ ಬಾದಾಮಿಯ ಮಾನವೇನೂ ಹೋಗುವುದಿಲ್ಲ. ಇದೇ ನ್ಯಾಯ ಮನುಷ್ಯನಿಗೆ ಸಂದಾಗ ಮಾತ್ರ ಸಂಕಟವಾಗುತ್ತದೆ.

ಕೋಲಾರದಲ್ಲಿ ನಾನು ಪಾಠ ಹೇಳುವ ಕಾಲೇಜಿಗೆ ಮಾಲೂರಿನ ಕಡೆಯ ಹುಡುಗನೊಬ್ಬ ಸೇರಿದ. ವಾಲಿಬಾಲಿನಲ್ಲಿ ಗಟ್ಟಿಗ. ಬಲೆಯ ಬಳಿ ನೆಗೆದು ಹೊಡೆದನೆಂದರೆ ಚೆಂಡು ನೆಲ ಕಂಡಂತೆಯೇ. ಆದರೆ ಅವನಿಗೆ ಚೆಂಡು ಎತ್ತರಕ್ಕೆ ಏರಿ, ನಿಧಾನವಾಗಿ ಇಳಿಯಬೇಕು. ತಂಡದಲ್ಲಿ ಚೆಂಡು ಎತ್ತಿಕೊಡುವವನು ಮುಳಬಾಗಿಲಿನವನು. ಅವನದು ತಗ್ಗಿನಲ್ಲಿ ಚುರುಕಾಗಿ ಕೊಡುವ ಕೈ. ಉಳಿದವರೆಲ್ಲ ಆ ಕೈಗೆ ಹೊಂದಿಕೊಂಡವರು. ಒಬ್ಬನಿಗಾಗಿ ಎಲ್ಲರೂ ತಾಳ ಬದಲಿಸುವುದು ಹೇಗೆ? ಹುಡುಗ ಹೊರಗುಳಿದ. “ನನ್ನಲ್ಲಿ ಏನು ಕೊರತೆ ಸಾರ್?” ಎಂದು ನನ್ನನ್ನು ಕೇಳಿದ.

ನಾನು ಅವನಿಗೆ ಎರಪಳ್ಳಿ ಪ್ರಸನ್ನ ಅವರ ಕಥೆ ಹೇಳಿದೆ. ತಮ್ಮ 20ನೆಯ ಟೆಸ್ಟಿನಲ್ಲೇ 100 ವಿಕೆಟ್ ಮುಟ್ಟಿದ್ದ ಬೌಲರ್ ಅವರು. 1971ರಲ್ಲಿ ವಾಡೇಕರ್ ನಾಯಕತ್ವದ ತಂಡದೊಡನೆ ಇಂಗ್ಲೆಂಡಿಗೆ ಹೋದರು. ಅಲ್ಲಿ ನಡೆದ ಮೂರು ಟೆಸ್ಟುಗಳಲ್ಲಿ ಒಂದನ್ನೂ ಆಡಲಿಲ್ಲ. ಎಡಗೈ ಸ್ಪಿನ್ನಿಗೆ ಬೇಡಿ, ಲೆಗ್ ಸ್ಪಿನ್ನಿಗೆ ನಮ್ಮವರೇ ಆದ ಚಂದ್ರಶೇಖರ್ ಇದ್ದರು. ಆಫ್ ಸ್ಪಿನ್ನಿಗೆ ಉಳಿದದ್ದು ಒಂದೇ ಜಾಗ. ಅದು ವೆಂಕಟರಾಘವನ್ ಅವರಿಗೆ ಸಂದಿತು. ಅವರು ಉಪನಾಯಕರು, ಬ್ಯಾಟಿನ ಸಮೀಪ ನಿಂತು ಕ್ಯಾಚ್ ಹಿಡಿಯುವುದರಲ್ಲಿ ಗಟ್ಟಿಗರು, ನಾಲ್ಕು ರನ್ನಿಗೂ ಒದಗುವವರು.

ಆಗಸ್ಟ್ 24ರಂದು ಓವಲ್ ಮೈದಾನದಲ್ಲಿ ಭಾರತ ಗೆದ್ದಿತು. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತಿದ್ದರು. ಇಂಗ್ಲೆಂಡಿನ ನೆಲದಲ್ಲಿ ನಮಗೆ ಅದೇ ಮೊದಲ ಸರಣಿ ವಿಜಯ. ಗೆದ್ದ ತಂಡದ ಆಯ್ಕೆಯನ್ನು ತಪ್ಪೆನ್ನುವವರು ಯಾರು? ಆದರೂ 31ರ ಹರೆಯದ ಕಲಾವಿದನೊಬ್ಬ ಕೈಕಟ್ಟಿ ಕುಳಿತ ಆ ದಿನಗಳನ್ನು ಯಾವ ವಿಜಯವೂ ಹಿಂದಿರುಗಿಸಲಾರದು.

ತಂಡ ಕಟ್ಟುವವರ ಕಷ್ಟ ನಾನು ಬಲ್ಲೆ. ಅವರಲ್ಲಿ ನನ್ನದು ಒಂದೇ ಬಿನ್ನಹ. ಹೊರಗುಳಿದವನನ್ನು ಅಹಂಕಾರಿ, ಹೊಂದಿಕೊಳ್ಳಲಾರದವನು ಎಂದು ಜರೆಯಬೇಡಿ. ಇದ್ದದ್ದು ಒಂದೇ ಜಾಗ, ಅದರ ಅಳತೆ ಬೇರೆ ಎಂದು ಅವನನ್ನು ಕರೆದು, ಕೂರಿಸಿ, ಬಾಯಿಬಿಟ್ಟು ಹೇಳಿ. ಹಾಗೆ ಹೇಳಿಸಿಕೊಂಡವನು ನಾಳೆಯೂ ಮೈದಾನಕ್ಕೆ ಬಂದಾನು. ಪ್ರಸನ್ನ ಅವರೂ ಮತ್ತೆ ಬಂದರು. 1978ರಲ್ಲಿ ಕೊನೆಯ ಟೆಸ್ಟ್ ಆಡುವ ಹೊತ್ತಿಗೆ ಅವರ ಲೆಕ್ಕದಲ್ಲಿ 49 ಟೆಸ್ಟು, 189 ವಿಕೆಟ್ ಇದ್ದವು.