ಸಂಡಿಗೆಯ ಮೇಲಿನ ಬೂದಿ

ನಾಗಪುರದ ನಮ್ಮ ಮೊದಲ ಬೇಸಿಗೆಯಲ್ಲಿ, ತಾರಸಿಯ ಮೇಲೆ ಹರವಿದ್ದ ಸಂಡಿಗೆಯ ಮೇಲೆ ನವಿರಾದ ಬೂದಿಯ ಪದರವೊಂದು ಕುಳಿತಿತ್ತು. ಒಗೆದು ಒಣಹಾಕಿದ ಬಟ್ಟೆಗೂ ಅದೇ ಗತಿ. ಊರಾಚೆ ವಿದ್ಯುತ್ತಿಗಾಗಿ ಕಲ್ಲಿದ್ದಲು ಉರಿಯುತ್ತಿತ್ತು. ನಾವು ಕೊಡವಿದೆವು, ಶಪಿಸಿದೆವು. ಅಷ್ಟೇ ನಮ್ಮ ಕೈಲಾದದ್ದು.

ಇದೇ ಊರಿನ 'ನೀರಿ' ಸಂಸ್ಥೆ 1958ರಲ್ಲಿ ಸಾರ್ವಜನಿಕ ಆರೋಗ್ಯದ ಎಂಜಿನಿಯರಿಂಗಿಗೆಂದು ಹುಟ್ಟಿ, 1974ರಲ್ಲಿ ಇಂದಿನ ಹೆಸರು ಪಡೆಯಿತು. ಅಲ್ಲಿ ಪರಿಸರ ಸಾಮಗ್ರಿಗಳ ವಿಭಾಗವನ್ನು ಮುನ್ನಡೆಸಿದ ಡಾ. ಸಾಧನಾ ರಾಯಲು ಅವರು ಹಾರುಬೂದಿಯಿಂದ ಜಿಯೊಲೈಟ್ ತಯಾರಿಸುವ ಸಂಶೋಧನೆಗೆ ತೊಡಗಿದರು. ಕಾಸ್ಟಿಕ್ ಸೋಡಾದೊಡನೆ ಕಾಯಿಸಿದರೆ ಬೂದಿಯೊಳಗಿನ ಸಿಲಿಕಾ, ಅಲ್ಯುಮಿನಾಗಳು ಹೊಸ ಹರಳುಗಳಾಗುತ್ತವೆ. ಆ ಹರಳು ಗಡಸುನೀರಿನ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಸೋಪಿನ ಪುಡಿಗೆ ಬೇಕಾದ ವಸ್ತು. ನಮ್ಮ ಬಟ್ಟೆಯನ್ನು ಕೊಳೆಮಾಡಿದ ಬೂದಿ ಬಟ್ಟೆ ತೊಳೆಯಲೂ ಒದಗೀತೆಂದು ನಮಗೆ ಹೊಳೆದಿರಲೇ ಇಲ್ಲ!

ಸಂಡಿಗೆಗೆ ಮಾತ್ರ ಈಗಲೂ ಹಳೆಯ ಮಲ್ಲುಪಂಚೆ ಹೊದಿಸುತ್ತೇವೆ.