ಮಧ್ಯದಲ್ಲಿ ಕೂತವರ ಲೆಕ್ಕ

ದಾವಣಗೆರೆ

ಪ್ರೀತಿಯ ಪುಟ್ಟಿ,

ಮನೆ ಸುದ್ದಿಯೆಲ್ಲ ನಿನ್ನ ಅತ್ತಿಗೆ ಫೋನಿನಲ್ಲಿ ಹೇಳಿರುತ್ತಾಳೆ. ಅಮ್ಮನ ಮಂಡಿನೋವು ಕಡಿಮೆಯಾಗಿದೆ, ಬೆಳಿಗ್ಗೆ ತುಳಸಿಕಟ್ಟೆವರೆಗೆ ಯಾರ ಆಸರೆಯೂ ಇಲ್ಲದೆ ನಡೆಯುತ್ತಾರೆ. ಅಂಗಡಿ ವಿಷಯ ಮಾತ್ರ ಫೋನಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಭಾನುವಾರ ಶಟರ್ ಅರ್ಧ ಎಳೆದು, ಅಪ್ಪನ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ.

ದೀಪಾವಳಿ ಕಳೆದ ಮೇಲೆ ಬೆಂಗಳೂರಿನಿಂದ ಒಂದು ದೊಡ್ಡ ಕಂಪನಿಯವರು ಬಂದಿದ್ದರು. ನಮ್ಮ ಔಷಧಿ ಏಜೆನ್ಸಿ ಅವರ ಜಾಲಕ್ಕೆ ಸೇರಬೇಕಂತೆ. ಬೋರ್ಡು, ಲೈಸೆನ್ಸು, ಹುಡುಗರು ಎಲ್ಲ ಈಗಿರುವಂತೆಯೇ. ಖರೀದಿ, ರೇಟು, ಬಿಲ್ಲಿಂಗು ಮಾತ್ರ ಅವರದು. ಜ್ವರದ ಮಾತ್ರೆ, ಕೆಮ್ಮಿನ ಔಷಧಿಯ ವ್ಯಾಪಾರದ ಬಗ್ಗೆ ಅವರು ಕೇಳಲೇ ಇಲ್ಲ. ಕ್ಯಾನ್ಸರ್, ಕಿಡ್ನಿ ಕಸಿ, ಸಂಧಿವಾತದ ಇಂಜೆಕ್ಷನ್ ತಿಂಗಳಿಗೆ ಎಷ್ಟು ಹೋಗುತ್ತದೆ, ಯಾವ ಯಾವ ಊರಿಗೆ ಹೋಗುತ್ತದೆ ಅಂತ ಮತ್ತೆ ಮತ್ತೆ ಕೇಳಿದರು. ಈಗ ನಮ್ಮ ಒಂದು ಫ್ರಿಜ್‌ನೊಳಗಿನ ಮಾಲು ಗೋಡೌನಿನ ಉಳಿದೆಲ್ಲ ರ‍್ಯಾಕುಗಳ ಮಾಲಿನಷ್ಟೇ ಬೆಲೆಬಾಳುತ್ತದೆ. ಅವರ ಕಣ್ಣು ಆ ಫ್ರಿಜ್ ಮೇಲೆ. ನಾನು ಇನ್ನೂ ಒಪ್ಪಿಲ್ಲ, ಬೇಡ ಎಂದೂ ಹೇಳಿಲ್ಲ. ನಿನ್ನ ಜೊತೆ ಮಾತಾಡದೆ ಹೇಳುವುದು ನನಗೆ ಸರಿ ಕಾಣಲಿಲ್ಲ.

ಈ ಯೋಚನೆಯಲ್ಲಿ ಹಳೆಯದೆಲ್ಲ ನೆನಪಾಗುತ್ತಿದೆ. ಅಪ್ಪ ಇದ್ದಾಗ ಹರಿಹರದ ಕಡೆಯಿಂದ ಒಬ್ಬರು ಮೇಷ್ಟ್ರು ಬರುತ್ತಿದ್ದರು, ನೆನಪಿದೆಯಾ? ರಕ್ತದ ಕ್ಯಾನ್ಸರ್ ಇತ್ತು ಅವರಿಗೆ. ಇಮ್ಯಾಟಿನಿಬ್ ಮಾತ್ರೆ ದಿನವೂ ನುಂಗಬೇಕು, ಬಿಡುವ ಹಾಗಿಲ್ಲ. ವಿದೇಶಿ ಕಂಪನಿಯ ಗ್ಲಿವೆಕ್ ಆದರೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ. ನಮ್ಮ ದೇಶದ ಕಂಪನಿಗಳ ಮಾತ್ರೆ ಎಂಟು ಹತ್ತು ಸಾವಿರಕ್ಕೆ ಸಿಗುತ್ತಿತ್ತು. ಅವರು ಚೀಟಿ ಕೊಟ್ಟು ಬೆಂಚಿನ ಮೇಲೆ ಕೂತು, ‘ಕೋರ್ಟಿನಲ್ಲಿ ಏನಾಯ್ತು ಸ್ವಾಮಿ?’ ಎಂದು ಕೇಳುತ್ತಿದ್ದರು. ಪೇಟೆಂಟ್ ವ್ಯಾಜ್ಯ ಗ್ಲಿವೆಕ್‌ನ ಕಂಪನಿ ನೊವಾರ್ಟಿಸ್ ಕಡೆಗೆ ತೀರ್ಮಾನವಾದರೆ ತನಗೆ ಮಾತ್ರೆ ನಿಂತುಹೋಗುತ್ತದೆ ಎಂಬ ಭಯ ಅವರಿಗೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಕಂಪನಿಯ ಅರ್ಜಿ ತಳ್ಳಿಹಾಕಿತು. ಮರುದಿನದ ಪೇಪರಿನ ತುಂಡನ್ನು ಅಪ್ಪ ಈ ಮೇಜಿನ ಗಾಜಿನ ಕೆಳಗೆ ಇಟ್ಟರು. ಅದರ ಹಿಂದಿನ ವರ್ಷವಷ್ಟೇ ಲಿವರ್, ಕಿಡ್ನಿ ಕ್ಯಾನ್ಸರಿನ ಸೊರಾಫೆನಿಬ್ ಮಾತ್ರೆಗೆ ಪೇಟೆಂಟ್ ಇದ್ದರೂ ಬೇರೆಯವರು ತಯಾರಿಸಲು ಸರ್ಕಾರ ಕಡ್ಡಾಯ ಲೈಸೆನ್ಸ್ ಕೊಟ್ಟಿತ್ತು. ಬೇಯರ್ ಕಂಪನಿಯ ಮಾಲು ತಿಂಗಳಿಗೆ 2.8 ಲಕ್ಷ. ಅದೇ ಔಷಧಿಯನ್ನು ಹೈದರಾಬಾದಿನ ನ್ಯಾಟ್ಕೊ ತಯಾರಿಸಿ 8,800ಕ್ಕೆ ಕೊಡಬೇಕೆಂದು ಆದೇಶವಾಯಿತು. ಔಷಧಿಯ ಬೆಲೆಯನ್ನು ಯಾರೋ ಮನುಷ್ಯರೇ ನಿರ್ಧರಿಸುತ್ತಾರೆ ಎಂಬುದು ಆ ಎರಡು ವರ್ಷಗಳಲ್ಲಿ ನನಗೆ ಮನದಟ್ಟಾಯಿತು.

ಆಗ ನಾವೆಲ್ಲ ಪೇಟೆಂಟ್ ಹೋದರೆ ಕಷ್ಟ ಹೋಯಿತು ಅಂದುಕೊಂಡಿದ್ದೆವು. ಅದಾದ ಮೇಲಿನದನ್ನು ನೀನು ನೋಡಲಿಲ್ಲ. ಕ್ಯಾನ್ಸರ್ ಔಷಧಿಗೆ ಹತ್ತಾರು ಕಂಪನಿಗಳು ಬಂದವು, ಪೈಪೋಟಿಗೆ ಬಿದ್ದವು. ಆದರೆ ಬಾಕ್ಸಿನ ಮೇಲಿನ ಎಂ.ಆರ್.ಪಿ. ಇಳಿಯಲಿಲ್ಲ. ಇಳಿದದ್ದು ಆಸ್ಪತ್ರೆಗೆ, ಅಂಗಡಿಗೆ ಕೊಡುವ ರೇಟು. ಯಾವ ಬ್ರ್ಯಾಂಡು ಎಂದು ಆರಿಸುವವನು ರೋಗಿಯಲ್ಲವಲ್ಲ, ಆರಿಸುವವರಿಗೆ ಹೆಚ್ಚು ಲಾಭ ಬಿಟ್ಟುಕೊಟ್ಟವನ ಮಾಲು ಓಡುತ್ತಿತ್ತು. ಸಾಮಾನ್ಯ ಮಾತ್ರೆಯಲ್ಲಿ ಹೋಲ್‌ಸೇಲಿಗೆ ಶೇ. 8ರಿಂದ 10, ಅಂಗಡಿಗೆ ಶೇ. 16ರಿಂದ 20 ಸಿಕ್ಕರೆ ನಮ್ಮ ಹೊಟ್ಟೆ ತುಂಬುತ್ತದೆ. ಕ್ಯಾನ್ಸರ್ ಔಷಧಿಯಲ್ಲಿ ಕೊಂಡ ಬೆಲೆಯ ಹಲವು ಪಟ್ಟು ಎಂ.ಆರ್.ಪಿ. ಇರುತ್ತಿತ್ತು. ಹೆಂಡತಿಯ ತಾಳಿ ಅಡವಿಟ್ಟು ಬಂದವರ ಮುಂದೆ ಆ ಬಾಕ್ಸ್ ಇಡುವಾಗ, ಒಳಗಿನ ರೇಟು ಗೊತ್ತಿದ್ದವರಿಗೆ ಹೇಗಾಗಬೇಡ!

2019ರ ಫೆಬ್ರುವರಿಯಲ್ಲಿ ಔಷಧ ಬೆಲೆ ಪ್ರಾಧಿಕಾರ 42 ಕ್ಯಾನ್ಸರ್ ಔಷಧಿಗಳ ವ್ಯಾಪಾರದ ಲಾಭದ ಅಂತರಕ್ಕೆ ಶೇ. 30ರ ಮಿತಿ ಹಾಕಿತು. ಕೆಲವು ಬ್ರ್ಯಾಂಡುಗಳ ಎಂ.ಆರ್.ಪಿ. ಶೇ. 80ಕ್ಕೂ ಹೆಚ್ಚು ಇಳಿಯಿತು. ಕಂಪನಿ ಮುಳುಗಲಿಲ್ಲ, ಕಾರ್ಖಾನೆ ಮುಚ್ಚಲಿಲ್ಲ, ಔಷಧಿಯೂ ಮೊದಲಿನದೇ. ಮಧ್ಯದಲ್ಲಿ ಎಷ್ಟು ಗಾಳಿ ತುಂಬಿತ್ತು ಎಂದು ಅವತ್ತು ಎಲ್ಲರಿಗೂ ಕಂಡಿತು. ಇದರ ಜೊತೆಗೆ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಮುಂದಾಳತ್ವದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಎಂಬ ಆಸ್ಪತ್ರೆಗಳ ಜಾಲ ಕೂಡ ಒಂದು ಒಳ್ಳೆಯ ಕೆಲಸ ಮಾಡಿತು. ಬೆಂಗಳೂರಿನ ನಮ್ಮ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೂ ಆ ಗ್ರಿಡ್‌ನಲ್ಲಿದೆ. ಬೇರೆ ಬೇರೆ ಆಸ್ಪತ್ರೆಗಳು ಬೇಡಿಕೆ ಒಟ್ಟುಗೂಡಿಸಿ, 40 ಔಷಧಿಗಳಿಗೆ ಒಂದೇ ಟೆಂಡರ್ ಕರೆದು, ಒಂದೊಂದರಲ್ಲೂ ಕಡಿಮೆಯೆಂದರೆ ಶೇ. 23ರಷ್ಟು ಉಳಿಸಿದವು. 2025ರ ಸೆಪ್ಟೆಂಬರ್ 22ರಿಂದ 33 ಜೀವರಕ್ಷಕ ಔಷಧಿಗಳಿಗೆ ಜಿ.ಎಸ್.ಟಿ. ಪೂರ್ತಿ ಹೋಗಿದೆ, ಉಳಿದ ಹೆಚ್ಚಿನ ಔಷಧಿಗಳಿಗೆ ಶೇ. 12 ಇದ್ದದ್ದು 5 ಆಗಿದೆ. ಬೆಲೆ ತಿದ್ದುಪಡಿ ಮಾಡಿ ಮಾಡಿ ಹುಡುಗರಿಗೆ ಒಂದು ವಾರ ನಿದ್ದೆಯಿರಲಿಲ್ಲ. ಆದರೂ ಖುಷಿಯ ದುಡಿಮೆ ಅದು.

ಬೆಲೆ ಇಳಿದರೆ ಸಾಕೇ ಎಂದರೆ, ಸಾಲದು. ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮ್ಯಾಬ್ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ. ಬೆಂಗಳೂರಿನ ಬಯೋಕಾನ್ 2014ರಲ್ಲಿ ತನ್ನದನ್ನು ತಂದ ಮೇಲೆ ಅದು ಜಿಲ್ಲೆಯ ಹೆಣ್ಣುಮಕ್ಕಳಿಗೂ ಕೈಗೆಟುಕುವಂತಾಯಿತು. ಆದರೆ ಕಾರ್ಖಾನೆಯಿಂದ ಸೂಜಿಯವರೆಗೆ ಅದು 2ರಿಂದ 8 ಡಿಗ್ರಿಯೊಳಗೇ ಇರಬೇಕು. ಬೇಸಿಗೆಯಲ್ಲಿ ಹರಪನಹಳ್ಳಿಗೆ ಥರ್ಮಾಕೋಲ್ ಡಬ್ಬ ಬಸ್ಸಿಗೆ ಹಾಕಿದ ಮೇಲೆ, ಅಲ್ಲಿ ಇಳಿಸಿಕೊಂಡೆವು ಎಂಬ ಫೋನ್ ಬರುವವರೆಗೆ ನನಗೆ ಊಟ ಸೇರುವುದಿಲ್ಲ. ಐಸ್ ಪ್ಯಾಕ್ ನೇರವಾಗಿ ತಾಗಿ ಔಷಧಿ ಹೆಪ್ಪುಗಟ್ಟಿದರೂ ಕೆಟ್ಟಿತು, ಡಬ್ಬ ಬಿಸಿಲಲ್ಲಿ ಉಳಿದರೂ ಕೆಟ್ಟಿತು, ಕಣ್ಣಿಗೆ ಮಾತ್ರ ಏನೂ ಕಾಣಿಸುವುದಿಲ್ಲ. 2024ರ ಮಾರ್ಚಿನಲ್ಲಿ ದೆಹಲಿ ಪೊಲೀಸರು ಹಿಡಿದ ಗುಂಪಿನ ಸುದ್ದಿ ನೀನೂ ಓದಿರಬೇಕು. ಆಸ್ಪತ್ರೆಯಲ್ಲಿ ಬಳಸಿ ಬಿಸಾಡಿದ ದುಬಾರಿ ಕ್ಯಾನ್ಸರ್ ಇಂಜೆಕ್ಷನ್‌ಗಳ ಖಾಲಿ ಬಾಟಲಿಗಳನ್ನು ಕೊಂಡು, ಶಿಲೀಂಧ್ರ ಸೋಂಕಿನ ಔಷಧಿ ತುಂಬಿ ಮಾರುತ್ತಿದ್ದರು. ಅದನ್ನು ಓದಿದಾಗಿನಿಂದ ಯಾರು ಎಷ್ಟೇ ಕಡಿಮೆಗೆ ಕೊಡುತ್ತೇನೆಂದರೂ ಕಂಪನಿಯ ಡಿಪೋ ಬಿಟ್ಟು ಬೇರೆ ಕಡೆಯಿಂದ ಇಂಥ ಮಾಲು ನಾನು ಮುಟ್ಟಿಲ್ಲ. ಬ್ಯಾಚ್ ನಂಬರ್, ಬಂದ ಬಿಲ್ಲು, ಹೋದ ಬಿಲ್ಲು ಮೂರನ್ನೂ ಒಟ್ಟಿಗೆ ಇಡುತ್ತೇನೆ. ಅಪ್ಪ ಕಲಿಸಿದ ಶಿಸ್ತು ಅದು. ಇವತ್ತು ಅದೇ ರೋಗಿಯ ಜೀವ ಕಾಯುತ್ತದೆ.

ಇಲ್ಲಿನ ಪೇಟೆಯೂ ನೀನು ಹೋದ ಮೇಲೆ ಬದಲಾಯಿತು. 2018ರ ಸೆಪ್ಟೆಂಬರ್ 28ರಂದು ಆನ್‌ಲೈನ್ ಔಷಧಿ ಮಾರಾಟದ ವಿರುದ್ಧ ದೇಶದಾದ್ಯಂತ ಔಷಧಿ ಅಂಗಡಿಗಳು ಬಂದ್ ಮಾಡಿದ್ದವು. ಅದೇ ವರ್ಷ ಕರಡು ನಿಯಮ ಬಂದಿತ್ತು. ಅದು ಅಂತಿಮವಾಗುವ ಮೊದಲೇ ವ್ಯಾಪಾರ ಮನೆಮನೆಗೆ ಮುಟ್ಟಿತು. 2020ರಲ್ಲಿ ರಿಲಯನ್ಸ್ ಕಂಪನಿ ಆನ್‌ಲೈನ್ ಔಷಧಿ ಅಂಗಡಿ ನೆಟ್‌ಮೆಡ್ಸ್ ಕೊಂಡಿತು, 2021ರಲ್ಲಿ ಟಾಟಾ ಸಮೂಹ ಒನ್‌ಎಂಜಿ ಕೊಂಡಿತು, ಬೆಂಗಳೂರಿನ ಮೆಡ್‌ಲೈಫ್ ಫಾರ್ಮ್‌ಈಸಿ ಪಾಲಾಯಿತು. ದೊಡ್ಡವರು ಬಂದದ್ದಕ್ಕೆ ನಾನು ಅಳುತ್ತಾ ಕೂರುವುದಿಲ್ಲ. ಅವರ ಹತ್ತಿರ ಒಳ್ಳೆಯ ಕೋಲ್ಡ್ ರೂಮು, ತಾಪಮಾನ ದಾಖಲಿಸುವ ಸಾಧನ, ಹಣ ಎಲ್ಲ ಇದೆ. ಆದರೆ ಒಂದೇ ಕೈ ಎಲ್ಲವನ್ನೂ ಹಿಡಿದಾಗ ಏನಾಗುತ್ತದೆ ಎಂಬ ಅಳುಕು ಇದೆ. ಅದಕ್ಕೆ ಉತ್ತರ ನೀನಿರುವ ಅಮೆರಿಕದಲ್ಲೇ ಕಾಣುತ್ತಿದೆ, ಪುಟ್ಟಿ.

ನೀವು ಪಿ.ಬಿ.ಎಂ. ಅನ್ನುತ್ತೀರಲ್ಲ, ವಿಮೆಯ ಪರವಾಗಿ ಯಾವ ಔಷಧಿಗೆ ಎಷ್ಟು ಎಂದು ತೀರ್ಮಾನಿಸುವವರು, ಅವರಲ್ಲಿ ಮೂರೇ ಕಂಪನಿಗಳು ನಿಮ್ಮ ದೇಶದ ಔಷಧಿ ಚೀಟಿಗಳಲ್ಲಿ ಸುಮಾರು ಶೇ. 80ನ್ನು ನೋಡಿಕೊಳ್ಳುತ್ತವೆ. 2018ರಲ್ಲಿ ಅವುಗಳಲ್ಲೊಂದನ್ನು ನಡೆಸುವ ಸಿ.ವಿ.ಎಸ್., ಏಟ್ನಾ ಎಂಬ ವಿಮೆ ಕಂಪನಿಯನ್ನು ಕೊಂಡಿತು, ವಿಮೆ ಕಂಪನಿ ಸಿಗ್ನಾ ಇನ್ನೊಂದಾದ ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸನ್ನು ಕೊಂಡಿತು. ಆಪ್ಟಮ್ ಆರ್‌ಎಕ್ಸ್ ಎಂಬ ಮೂರನೆಯದು ಅದಕ್ಕೂ ಮೊದಲಿನಿಂದ ವಿಮೆ ಕಂಪನಿ ಯುನೈಟೆಡ್‌ಹೆಲ್ತ್‌ನದು. ಹೀಗೆ ವಿಮೆ, ದರ ನಿರ್ಧಾರ, ಇಂಥ ದುಬಾರಿ ಔಷಧಿ ಕೊಡುವ ಸ್ಪೆಷಾಲಿಟಿ ಫಾರ್ಮಸಿ ಮೂರೂ ಒಂದೇ ಸೂರಿನಡಿ ಬಂದವು. ಅಲ್ಲಿನ ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಹೊರಡಿಸಿದ ವರದಿಯ ಲೆಕ್ಕ ಓದಿ ಬೆಚ್ಚಿಬಿದ್ದೆ. ಈ ಮೂವರ ಬಳಗದ ಫಾರ್ಮಸಿಗಳು 2017ರಿಂದ 2022ರವರೆಗೆ ಸ್ಪೆಷಾಲಿಟಿ ಜನರಿಕ್‌ಗಳ ಮೇಲೆ, ಅಂದಾಜು ಖರೀದಿ ಬೆಲೆ ಕಳೆದು, 730 ಕೋಟಿ ಡಾಲರಿಗೂ ಹೆಚ್ಚು ಪಡೆದವಂತೆ. ಅದಕ್ಕೂ ಹಿಂದಿನ ವರದಿಯಲ್ಲಿ ಉದಾಹರಣೆಗೆ ತೆಗೆದುಕೊಂಡ ಎರಡು ಔಷಧಿಗಳಲ್ಲಿ ಒಂದು ಯಾವುದು ಗೊತ್ತಾ? ನಮ್ಮ ಮೇಷ್ಟ್ರ ಇಮ್ಯಾಟಿನಿಬ್. 2016ರಲ್ಲಿ ಅಲ್ಲಿ ಮೊದಲ ಜನರಿಕ್ ತಂದದ್ದು ನಮ್ಮ ದೇಶದ ಸನ್ ಫಾರ್ಮಾ. 2022ರಲ್ಲಿ ಮಾರ್ಕ್ ಕ್ಯೂಬನ್ ಎಂಬುವರ ಆನ್‌ಲೈನ್ ಅಂಗಡಿ, ಕೊಂಡ ಬೆಲೆಯ ಮೇಲೆ ನಿಗದಿತ ಲಾಭ ಇಟ್ಟು, ಅದನ್ನು ತಿಂಗಳಿಗೆ 50 ಡಾಲರಿಗೂ ಕಡಿಮೆಗೆ ಕೊಟ್ಟು ತೋರಿಸಿತು. ಬೇರೆ ಕಡೆ ಅದಕ್ಕೇ ಸಾವಿರಾರು ಡಾಲರ್ ಬಿಲ್ಲಾಗುತ್ತಿತ್ತು. ಇಲ್ಲಿ 2019ರಲ್ಲಿ ಕಂಡ ರೋಗವೇ ಅಲ್ಲೂ ಇದೆ. ಇಲ್ಲಿ ಅದು ಚದುರಿದ ನೂರಾರು ಕೈಗಳಲ್ಲಿತ್ತು, ಅಲ್ಲಿ ಮೂರು ಕೈಗಳಲ್ಲಿದೆ. ಸಣ್ಣವರು ಒಳ್ಳೆಯವರು, ದೊಡ್ಡವರು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಲೆಕ್ಕ ಮುಚ್ಚಿಟ್ಟರೆ ಯಾರ ಕೈಯಲ್ಲಾದರೂ ಹೀಗೇ ಆಗುತ್ತದೆ.

ಅಂಥ ಸ್ಪೆಷಾಲಿಟಿ ಫಾರ್ಮಸಿಯಲ್ಲೇ ಕೆಲಸ ಮಾಡುವ ನೀನು ಮೊನ್ನೆ ಬೇಸರದಲ್ಲಿ ಹೇಳಿದೆಯಲ್ಲ, ‘ಅಣ್ಣಾ, ಇಡೀ ದಿನ ಮಾತ್ರೆ ಮುಟ್ಟುವುದೇ ಇಲ್ಲ, ಬರೀ ಫೋನು, ಫಾರಂ, ವಿಮೆಯವರ ಒಪ್ಪಿಗೆ. ಇದಕ್ಕಾಗಿಯೇ ಓದಿದ್ದಾ?’ ಎಂದು. ಆ ಮಾತು ನನ್ನನ್ನು ಬಿಟ್ಟಿಲ್ಲ. ನೀನು ಮಾಡುವ ಕೆಲಸವನ್ನು ನಾನು ಇಲ್ಲಿಂದ ನೋಡುವುದೇ ಬೇರೆ. ಮಾತ್ರೆ ಮುಗಿಯುವ ಮೊದಲೇ ಫೋನ್ ಮಾಡುತ್ತೀಯ. ಎಷ್ಟು ಮಾತ್ರೆ ಉಳಿದಿದೆ, ವಾಂತಿಯಾಯಿತಾ, ಅಂಗೈ ಸಿಪ್ಪೆ ಏಳುತ್ತಿದೆಯಾ, ಬೇರೆ ಡಾಕ್ಟರು ಹೊಸ ಔಷಧಿ ಬರೆದರಾ ಎಂದು ಕೇಳುತ್ತೀಯ. ವಿಮೆಯವರು ಬೇಡವೆಂದರೆ ಮತ್ತೊಮ್ಮೆ ಅರ್ಜಿ ಹಾಕುತ್ತೀಯ, ದುಡ್ಡಿಲ್ಲದವರಿಗೆ ನೆರವಿನ ನಿಧಿ ಹುಡುಕುತ್ತೀಯ. ನಮ್ಮಲ್ಲಿ ಇದನ್ನು ಮಾಡುವವರಿಲ್ಲ. ಮಾತ್ರೆ ಕೊಟ್ಟೆವು, ಹಣ ಎಣಿಸಿದೆವು, ಮುಂದಿನ ತಿಂಗಳು ಅವರು ಬರದಿದ್ದರೆ ಏಕೆ ಬರಲಿಲ್ಲ ಎಂದು ಕೇಳುವ ಪದ್ಧತಿಯೇ ಪೇಟೆಯಲ್ಲಿಲ್ಲ. ಅಡ್ಡಪರಿಣಾಮಕ್ಕೆ ಹೆದರಿ ಬಿಟ್ಟವರೆಷ್ಟೋ, ‘ಈಗ ಚೆನ್ನಾಗಿದ್ದೀನಲ್ಲ’ ಎಂದು ನಿಲ್ಲಿಸಿದವರೆಷ್ಟೋ. ನಿನ್ನ ಓದು ವ್ಯರ್ಥವಾಗಿಲ್ಲ ತಂಗಿ, ಅದು ಅತ್ಯಂತ ಬೇಕಾದ ಜಾಗದಲ್ಲೇ ಕೂತಿದೆ.

ನಿನಗೆ ಹೇಳಬೇಕಾದದ್ದು ಇಷ್ಟೇ. ನಿನ್ನ ಕಂಪನಿ ಯಾವುದೇ ಇರಲಿ, ಎಷ್ಟೇ ದೊಡ್ಡದಿರಲಿ, ರೋಗಿ ‘ಇದಕ್ಕೆ ಇಷ್ಟೇಕೆ?’ ಎಂದು ಕೇಳಿದರೆ ಗೊತ್ತಿರುವಷ್ಟನ್ನು ನೇರವಾಗಿ ಹೇಳು. ಕಡಿಮೆ ಬೆಲೆಗೆ ಬೇರೆ ಕಡೆ ಸಿಗುವುದಿದ್ದರೆ ಆ ದಾರಿಯನ್ನೂ ತೋರಿಸು. ಹಾಗೆ ಹೇಳುವುದಕ್ಕೆ ಬಿಡದ ಕಡೆ ಹೆಚ್ಚು ದಿನ ಇರಬೇಡ, ನಿನ್ನ ಕೈಗೆ ಎಲ್ಲಾದರೂ ಕೆಲಸ ಸಿಗುತ್ತದೆ. ಮತ್ತೆ, ಅವರೆಲ್ಲರ ನೋವನ್ನು ರಾತ್ರಿ ಮನೆಗೆ ಹೊತ್ತು ತರಬೇಡ. ಊಟದ ಹೊತ್ತಿಗೆ ಊಟ ಮಾಡು. ಅಮ್ಮನ ಆಜ್ಞೆಯೂ ಇದೇ.

ಕಂಪನಿಯವರಿಗೆ ನಾನು ಹೇಳಬೇಕೆಂದಿರುವುದನ್ನೂ ಕೇಳು. ಖರೀದಿ ಅವರ ಮೂಲಕ ಮಾಡಲು ಅಡ್ಡಿಯಿಲ್ಲ, ಅವರ ಕೋಲ್ಡ್ ರೂಮು ಬಂದರೆ ನನಗೂ ನಿದ್ದೆ ಬರುತ್ತದೆ. ಆದರೆ ಎರಡು ಷರತ್ತು. ಕ್ಯಾನ್ಸರ್ ಔಷಧಿಯನ್ನು ನಾನು ಈಗ ಎಂ.ಆರ್.ಪಿ.ಗಿಂತ ಎಷ್ಟು ಇಳಿಸಿ ಕೊಡುತ್ತಿದ್ದೇನೋ ಆ ರಿಯಾಯಿತಿ ಕಡಿಮೆಯಾಗಬಾರದು, ಅದು ಬಿಲ್ಲಿನಲ್ಲಿ ಕಾಣಬೇಕು. ಮತ್ತೆ, ರೋಗಿಗಳ ಫೋನ್ ನಂಬರುಗಳು ಈ ಕೌಂಟರಿನಲ್ಲೇ ಇರಬೇಕು. ಅವರಿಗೆ ಫೋನ್ ಮಾಡುವವರು ನಮ್ಮ ಹುಡುಗರೇ, ಮಾತು ನಮ್ಮ ಕನ್ನಡದಲ್ಲೇ. ಇವೆರಡಕ್ಕೆ ಒಪ್ಪದಿದ್ದರೆ ನಾವು ಹೀಗೇ ನಡೆಸಿಕೊಂಡು ಹೋಗೋಣ. ಇದರಲ್ಲಿ ನಿನಗೆ ಏನಾದರೂ ಸರಿಯಿಲ್ಲ ಅನ್ನಿಸಿದರೆ ಮುಲಾಜಿಲ್ಲದೆ ಬರೆ. ಅಪ್ಪನ ಅಂಗಡಿಯಲ್ಲಿ ನಿನ್ನದೂ ಪಾಲಿದೆ.

ಕೊನೆಗೆ ಒಂದು ಕೆಲಸ. ಮಾತ್ರೆ ಕಳಿಸುವ ಮೊದಲು ನೀನು ರೋಗಿಗೆ ಕೇಳುವ ಪ್ರಶ್ನೆಗಳಿವೆಯಲ್ಲ, ಅವನ್ನು ನಿನ್ನ ಅನುಭವದಿಂದಲೇ ಕನ್ನಡದಲ್ಲಿ ಬರೆದು ಕಳಿಸು. ಯಾವ ಉತ್ತರ ಬಂದರೆ ತಕ್ಷಣ ಡಾಕ್ಟರಿಗೆ ಹೇಳಬೇಕು ಎಂಬುದನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡು. ಹಳ್ಳಿಯ ಅಜ್ಜಿಗೂ ಅರ್ಥವಾಗುವ ಮಾತಿನಲ್ಲಿರಲಿ. ಸಂಕ್ರಾಂತಿ ಕಳೆದ ಮೇಲಿನ ಸೋಮವಾರದಿಂದ ನಮ್ಮ ಕೌಂಟರಿನ ಹುಡುಗಿಯರಿಬ್ಬರು ಅದನ್ನಿಟ್ಟುಕೊಂಡು ಫೋನ್ ಮಾಡಲು ಶುರು ಮಾಡುತ್ತಾರೆ. ಮೊದಲ ವಾರ ನಾನೂ ಪಕ್ಕದಲ್ಲಿ ಕೂತಿರುತ್ತೇನೆ.

ನಿನ್ನ ಅಣ್ಣ